ಬೋಟಿನ ಇನ್ವರ್ಟರ್‌ನಿಂದ ವೈರ್‌ಲೆಸ್ ಹಾಗೂ ಎಕೋ ಸೌಂಡರ್‌ಗೆ ಉಂಟಾಗುವ ಅಡಚಣೆ: ಪತ್ತೆ ಮತ್ತು ಪರಿಹಾರ

ದಕ್ಷಿಣ ಕನ್ನಡ, ಉಡುಪಿ ಹಾಗೂ ಉತ್ತರ ಕನ್ನಡ ಜಿಲ್ಲೆಗಳ ಬಂದರುಗಳಿಂದ ಆಳಸಮುದ್ರ ಮೀನುಗಾರಿಕೆಗೆ ತೆರಳುವ ಯಾಂತ್ರೀಕೃತ ಬೋಟುಗಳು ವಾರಗಟ್ಟಲೆ ಸಮುದ್ರದಲ್ಲಿಯೇ ಉಳಿಯುವುದುಂಟು. ಈ ಅವಧಿಯಲ್ಲಿ ಮೊಬೈಲ್ ಚಾರ್ಜರ್, ಫ್ಯಾನ್, ಟಿ.ವಿ. ಮತ್ತು ಕ್ಯಾಬಿನ್‌ನ ಎಲ್‌ಇಡಿ ದೀಪಗಳಿಗಾಗಿ ಇನ್ವರ್ಟರ್ ಅಳವಡಿಸಿಕೊಳ್ಳಲಾಗುತ್ತದೆ. (ಮೀನು ಆಕರ್ಷಿಸಲು ಎಲ್‌ಇಡಿ ದೀಪ ಬಳಸುವುದನ್ನು 2017ರಲ್ಲಿ ನಿಷೇಧಿಸಲಾಗಿದ್ದು, ಇಲ್ಲಿ ಹೇಳುತ್ತಿರುವುದು ಕ್ಯಾಬಿನ್ ದೀಪಗಳ ವಿಷಯ ಮಾತ್ರ.) ಬ್ಯಾಟರಿಯ 12 ಅಥವಾ 24 ವೋಲ್ಟ್ ಡಿ.ಸಿ. ವಿದ್ಯುತ್ತನ್ನು 230 ವೋಲ್ಟ್ ಎ.ಸಿ. ವಿದ್ಯುತ್ತಾಗಿ ಪರಿವರ್ತಿಸುವ ಈ ಸಾಧನವು ಅನುಕೂಲಕರವೇ ಸರಿ. ಆದರೆ ಅದೇ ಬೋಟಿನ ವಿ.ಎಚ್.ಎಫ್. ವೈರ್‌ಲೆಸ್, ಎ.ಐ.ಎಸ್. ಮತ್ತು ಎಕೋ ಸೌಂಡರ್‌ಗಳ ಕಾರ್ಯಕ್ಕೆ ಅದು ಅಡ್ಡಿಯಾಗಬಹುದು.

ಇನ್ವರ್ಟರ್‌ನ ಒಳಗಿನ ಟ್ರಾನ್ಸಿಸ್ಟರ್‌ಗಳು ಸೆಕೆಂಡಿಗೆ ಸಾವಿರಾರು ಬಾರಿ ವಿದ್ಯುತ್ತನ್ನು ಕಡಿದು ಜೋಡಿಸುತ್ತವೆ. ಹೀಗೆ ಕಡಿಯುವಾಗ ಹುಟ್ಟುವ ಅನಗತ್ಯ ತರಂಗಗಳು ತಂತಿಗಳ ಮೂಲಕವೂ ಗಾಳಿಯ ಮೂಲಕವೂ ಹರಡಿ, ಇತರ ಉಪಕರಣಗಳೊಳಗೆ ಗದ್ದಲವಾಗಿ ಸೇರಿಕೊಳ್ಳುತ್ತವೆ. ಎಕೋ ಸೌಂಡರ್‌ಗಳು ಸಾಮಾನ್ಯವಾಗಿ 50 ಮತ್ತು 200 ಕಿಲೋಹರ್ಟ್ಸ್‌ನಲ್ಲಿ ಕೆಲಸ ಮಾಡುವುದರಿಂದ ಅವುಗಳಿಗೆ ಈ ಗದ್ದಲ ಬಲು ಹತ್ತಿರದ್ದು. ಪರದೆಯ ಮೇಲೆ ಒಂದೇ ಅಂತರದಲ್ಲಿ ಚುಕ್ಕೆಗಳು, ಗೆರೆಗಳು ಮೂಡುತ್ತವೆ. ಅವುಗಳನ್ನು ಮೀನಿನ ಗುಂಪೆಂದು ತಿಳಿದು ಬಲೆ ಬಿಟ್ಟರೆ ಡೀಸೆಲ್ಲೂ ನಷ್ಟ, ಸಮಯವೂ ನಷ್ಟ.

ವೈರ್‌ಲೆಸ್‌ಗೆ ತಗಲುವ ಗದ್ದಲವು ಇದಕ್ಕಿಂತಲೂ ಗಂಭೀರವಾದುದು. ಕರಕರ ಸದ್ದು ಕೇಳಿಬಂದಾಗ ತಾಂಡೇಲರು ಸ್ಕ್ವೆಲ್ಚ್ ಗುಂಡಿಯನ್ನು ತಿರುಗಿಸಿ ಸದ್ದು ಅಡಗಿಸುವುದು ವಾಡಿಕೆ. ಸದ್ದು ಅಡಗುತ್ತದೆ, ದೋಷ ಹಾಗೆಯೇ ಉಳಿಯುತ್ತದೆ. ಸ್ಕ್ವೆಲ್ಚ್ ಹೆಚ್ಚಿಸಿದಷ್ಟೂ ದೂರದಿಂದ ಬರುವ ಕ್ಷೀಣ ಕರೆಗಳು ಸ್ಪೀಕರ್‌ಗೆ ತಲುಪುವುದಿಲ್ಲ. 156.8 ಮೆಗಾಹರ್ಟ್ಸ್‌ನ 16ನೇ ಚಾನೆಲ್‌ನಲ್ಲಿ ಅಪಾಯದಲ್ಲಿರುವ ಬೋಟಿನವರು ಕೂಗಿಕೊಂಡರೂ ಕೇಳಿಸದಿರಬಹುದು. 2018ರಲ್ಲಿ ಅಮೆರಿಕದ ಕೋಸ್ಟ್ ಗಾರ್ಡ್, ಹಡಗುಗಳ ಎಲ್‌ಇಡಿ ದೀಪಗಳಿಂದ ವಿ.ಎಚ್.ಎಫ್. ಹಾಗೂ ಎ.ಐ.ಎಸ್. ಗ್ರಹಿಕೆ ಕುಂದುತ್ತಿರುವ ಬಗ್ಗೆ ಸುರಕ್ಷತಾ ಎಚ್ಚರಿಕೆ ಹೊರಡಿಸಿತು. ರಕ್ಷಣಾ ಸಮನ್ವಯ ಕೇಂದ್ರವೊಂದು ಹಡಗನ್ನು ವೈರ್‌ಲೆಸ್ ಮೂಲಕ ಸಂಪರ್ಕಿಸಲಾಗದೆ ಹೋದ ಪ್ರಕರಣ ಅದರಲ್ಲಿ ಉಲ್ಲೇಖಿತವಾಗಿದೆ.

ಪತ್ತೆ ಹಚ್ಚುವ ಕ್ರಮ

ಲೆಕ್ಕಪತ್ರದಲ್ಲಿ ವ್ಯತ್ಯಾಸ ಕಂಡಾಗ ಬಾಬತ್ತುವಾರು ತಾಳೆ ನೋಡುವಂತೆ ಇಲ್ಲಿಯೂ ಒಂದೊಂದೇ ಉಪಕರಣವನ್ನು ಪರಿಶೀಲಿಸುವುದು. ಬೋಟು ಬಂದರಿನಲ್ಲಿದ್ದಾಗ ಎಂಜಿನ್, ಇನ್ವರ್ಟರ್, ಚಾರ್ಜರ್, ದೀಪ ಎಲ್ಲವನ್ನೂ ಆರಿಸಿ ವೈರ್‌ಲೆಸ್ ಸೆಟ್ ಒಂದನ್ನೇ ಚಾಲನೆಯಲ್ಲಿಡಬೇಕು. ಯಾರೂ ಮಾತನಾಡದ ಚಾನೆಲ್ ಆಯ್ದು, ಸ್ಕ್ವೆಲ್ಚ್ ಅನ್ನು ಪೂರ್ತಿ ಇಳಿಸಿ, ಬಳಿಕ ಸದ್ದು ಆಗಷ್ಟೇ ನಿಲ್ಲುವ ಬಿಂದುವಿಗೆ ತಂದು ನಿಲ್ಲಿಸಬೇಕು. ಈಗ ಇನ್ವರ್ಟರ್ ಚಾಲೂ ಮಾಡಿದಾಗ ಸದ್ದು ಮತ್ತೆ ಹೊರಟರೆ ಗದ್ದಲದ ಮೂಲ ದೊರೆಯಿತೆಂದು ತಿಳಿಯಬಹುದು. ಸದ್ದು ಹೊರಡದಿದ್ದರೂ ಇನ್ನೊಂದು ಪರೀಕ್ಷೆ ಬಾಕಿ ಇದೆ. ದೂರದ ಬೋಟಿನವರ ಸಂಭಾಷಣೆ ಇನ್ವರ್ಟರ್ ಆರಿಸಿದಾಗ ಕೇಳಿಸಿ, ಹಚ್ಚಿದಾಗ ಮಾಯವಾಗುವುದೇ ಎಂಬುದನ್ನೂ ನೋಡತಕ್ಕದ್ದು.

ಇನ್ವರ್ಟರ್ ಆರಿಸಿದೊಡನೆ ಅದಕ್ಕೆ ಜೋಡಿಸಿದ ಚಾರ್ಜರ್, ದೀಪಗಳೂ ಆರುವುದರಿಂದ ತಪ್ಪು ಯಾವುದರದೆಂಬ ಗೊಂದಲ ಉಂಟಾಗುತ್ತದೆ. ಇದಕ್ಕೆ ಸುಲಭ ಉಪಾಯವೊಂದಿದೆ. ಇನ್ವರ್ಟರ್‌ಗೆ ಹಳೆಯ ಮಾದರಿಯ ತಂತಿ ಬಲ್ಬನ್ನು ಮಾತ್ರ ಜೋಡಿಸಿ ನೋಡಿ. ಗದ್ದಲ ಮುಂದುವರಿದರೆ ದೋಷ ಇನ್ವರ್ಟರ್‌ನದು. ನಿಂತರೆ ಅಗ್ಗದ ಚಾರ್ಜರ್ ಅಥವಾ ಎಲ್‌ಇಡಿ ದೀಪದ್ದು. ಎಂಜಿನ್ ವೇಗದೊಂದಿಗೆ ಏರಿಳಿಯುವ ಸಿಳ್ಳೆಯಂತಹ ಸದ್ದಿಗೆ ಆಲ್ಟರ್ನೇಟರ್ ಕಾರಣವೇ ಹೊರತು ಇನ್ವರ್ಟರ್ ಅಲ್ಲ.

ಗದ್ದಲವು ಯಾವ ದಾರಿಯಿಂದ ಬರುತ್ತಿದೆ ಎಂದು ತಿಳಿಯಲು, ಸದ್ದು ಇರುವಾಗಲೇ ಸೆಟ್ಟಿನ ಹಿಂಭಾಗದ ಆಂಟೆನಾ ಕೇಬಲ್ ಕಳಚಬೇಕು. ಸದ್ದು ನಿಂತರೆ ಅದು ಆಂಟೆನಾ ಮೂಲಕ ಬರುತ್ತಿತ್ತು, ನಿಲ್ಲದಿದ್ದರೆ ಬ್ಯಾಟರಿಯ ತಂತಿಯ ಮೂಲಕ. ಆಂಟೆನಾ ಕಳಚಿದ ಸ್ಥಿತಿಯಲ್ಲಿ ಮಾತನಾಡುವ ಗುಂಡಿಯನ್ನು ಒತ್ತಲೇಬಾರದು, ಸೆಟ್ ಕೆಡುವ ಸಂಭವವಿದೆ.

ಪರಿಹಾರ

ಮೊದಲು ಹೆಚ್ಚು ಖರ್ಚಿಲ್ಲದ ಪರಿಹಾರಗಳನ್ನು ನೋಡುವುದು ಲೇಸು. ಕೆಲವೆಡೆ ವೈರ್‌ಲೆಸ್ ಅಥವಾ ಎಕೋ ಸೌಂಡರ್ ಅನ್ನು ಇನ್ವರ್ಟರ್‌ಗೆ ಅಡಾಪ್ಟರ್ ಸಿಕ್ಕಿಸಿ ನಡೆಸಲಾಗುತ್ತದೆ. ಅಂದರೆ 12 ವೋಲ್ಟನ್ನು 230 ಮಾಡಿ, ಪುನಃ 12ಕ್ಕೆ ಇಳಿಸಿದಂತಾಯಿತು. ಎರಡು ಕಡೆ ವಿದ್ಯುತ್ ನಷ್ಟ, ಎರಡು ಕಡೆ ಗದ್ದಲ. ಇಂತಹ ಉಪಕರಣಗಳಿಗೆ ಬ್ಯಾಟರಿಯಿಂದಲೇ ಪ್ರತ್ಯೇಕ ಜೋಡಿ ತಂತಿಯನ್ನು, ಬ್ಯಾಟರಿಯ ಸಮೀಪ ಫ್ಯೂಸ್ ಇರಿಸಿ, ಎಳೆಯತಕ್ಕದ್ದು. ಪಾಸಿಟಿವ್ ಮತ್ತು ನೆಗೆಟಿವ್ ತಂತಿಗಳನ್ನು ಒಂದಕ್ಕೊಂದು ಹೊಸೆದರೆ ಗದ್ದಲ ಗಣನೀಯವಾಗಿ ತಗ್ಗುತ್ತದೆ.

ಇನ್ವರ್ಟರ್‌ನ ಡಿ.ಸಿ. ತಂತಿ ಗಿಡ್ಡವೂ ದಪ್ಪವೂ ಆಗಿರಬೇಕು. 12 ವೋಲ್ಟ್ ಬ್ಯಾಟರಿಯಿಂದ 300 ವ್ಯಾಟ್ ಹೊರೆ ನಡೆಸಲು, ಸೋರಿಕೆ ಸೇರಿ, ಸುಮಾರು 30 ಆಂಪಿಯರ್ ಹರಿಯುತ್ತದೆ. ಬ್ಯಾಟರಿಯಿಂದ 5 ಮೀಟರ್ ದೂರಕ್ಕೆ 10 ಚದರ ಮಿ.ಮೀ. ತಾಮ್ರದ ತಂತಿ ಎಳೆದರೂ ಹೋಗಿಬರುವ ದಾರಿಯಲ್ಲಿ ಅರ್ಧ ವೋಲ್ಟ್ ಕರಗುತ್ತದೆ, 1 ಮೀಟರ್ ಇದ್ದರೆ ಅದರ ಐದನೇ ಒಂದು ಪಾಲು ಮಾತ್ರ. ಉದ್ದನೆಯ ತಂತಿಯೇ ಗದ್ದಲವನ್ನು ಗಾಳಿಗೆ ಹರಡುವ ಆಂಟೆನಾ ಆಗುತ್ತದೆಂಬುದನ್ನೂ ಮರೆಯಬಾರದು. ಆದರೆ ಸಮೀಪವಿರಬೇಕೆಂದು ಬ್ಯಾಟರಿ ಪೆಟ್ಟಿಗೆಯೊಳಗೇ ಇನ್ವರ್ಟರ್ ಇಡುವುದು ಅಪಾಯಕಾರಿ. ಚಾರ್ಜ್ ಆಗುವಾಗ ಬ್ಯಾಟರಿಯಿಂದ ಹೊರಡುವ ಹೈಡ್ರೋಜನ್ ಅನಿಲಕ್ಕೆ ಒಂದು ಕಿಡಿ ಸಾಕು.

ವೈರ್‌ಲೆಸ್ ಸೆಟ್, ಆಂಟೆನಾ ಕೇಬಲ್, ಎಕೋ ಸೌಂಡರ್‌ನ ಟ್ರಾನ್ಸ್‌ಡ್ಯೂಸರ್ ಕೇಬಲ್‌ಗಳಿಂದ ಇನ್ವರ್ಟರನ್ನು ಸಾಧ್ಯವಾದಷ್ಟು ದೂರವಿರಿಸಬೇಕು. ಎಲ್ಲ ತಂತಿಗಳನ್ನೂ ಒಂದೇ ಕಟ್ಟಾಗಿ ಬಿಗಿಯುವುದು ನೋಟಕ್ಕೆ ಅಚ್ಚುಕಟ್ಟು, ಕೆಲಸಕ್ಕೆ ಕೇಡು. ದಿಕ್ಸೂಚಿಯ ಬಳಿ ಹಾಯುವ ದಪ್ಪ ಡಿ.ಸಿ. ತಂತಿಯು ಅದರ ಮುಳ್ಳನ್ನೇ ತಿರುಗಿಸಬಲ್ಲದು. ಆಂಟೆನಾ ಕೇಬಲ್‌ನ ಜೋಡಣೆಗಳಲ್ಲಿ ಉಪ್ಪುನೀರು ಸೇರಿ ಹಸಿರು ಕಿಲುಬು ಹಿಡಿದಿದ್ದರೆ ಕೇಬಲ್‌ನ ಹೊರಕವಚವು ಗದ್ದಲವನ್ನು ತಡೆಯಲಾರದು, ಅಂತಹ ಜೋಡಣೆಯನ್ನು ಬದಲಿಸಬೇಕು.

ಇಷ್ಟಾದರೂ ಗದ್ದಲ ಉಳಿದಿದ್ದಲ್ಲಿ ಫೆರೈಟ್ ಬಿಲ್ಲೆಗಳನ್ನು ಇನ್ವರ್ಟರ್‌ನ ತುದಿಯಲ್ಲಿಯೇ ತಂತಿಗೆ ಹಾಕುವುದು. ಸಣ್ಣ ತಂತಿಯಾದರೆ ಬಿಲ್ಲೆಯೊಳಗೆ ಮೂರು ನಾಲ್ಕು ಸುತ್ತು ಹಾಯಿಸಿದಾಗ ಪರಿಣಾಮ ಹೆಚ್ಚು. ಹೊಸ ಇನ್ವರ್ಟರ್ ಖರೀದಿ ಕೊನೆಯ ಮಾತು. ಪ್ಯೂರ್ ಸೈನ್ ವೇವ್ ಮಾದರಿಯಿಂದ ಟಿ.ವಿ.ಯ ಗುಂಯ್‌ಗುಡುವಿಕೆ, ಫ್ಯಾನಿನ ಬಿಸಿ ಕಡಿಮೆಯಾಗುವುದು ನಿಜ. ಆದರೆ ಅದರೊಳಗೂ ವೇಗವಾಗಿ ಕಡಿದು ಜೋಡಿಸುವ ಟ್ರಾನ್ಸಿಸ್ಟರ್‌ಗಳೇ ಇರುವುದರಿಂದ, ಅದನ್ನು ತಂದೊಡನೆ ವೈರ್‌ಲೆಸ್ ಗದ್ದಲ ತಾನಾಗಿ ಹೋಗುತ್ತದೆಂದು ನಂಬಿ ಹಣ ಹೂಡುವುದು ಸರಿಯಲ್ಲ. ಅಂಗಡಿಯಿಂದ ತಂದು ಬೋಟಿನಲ್ಲಿ ಪರೀಕ್ಷಿಸಿ, ಸರಿಹೋಗದಿದ್ದರೆ ಹಿಂದಿರುಗಿಸುವ ಷರತ್ತನ್ನು ಮೊದಲೇ ಮಾತಾಡಿಕೊಳ್ಳುವುದು ಜಾಣತನ.

ಗದ್ದಲ ತಗ್ಗಲೆಂದು ಇನ್ವರ್ಟರ್‌ನ 230 ವೋಲ್ಟ್ ತಂತಿಗಳಲ್ಲೊಂದನ್ನು ಬೋಟಿನ ಲೋಹಭಾಗಕ್ಕೋ ಬ್ಯಾಟರಿಯ ನೆಗೆಟಿವ್‌ಗೋ ಸ್ವತಃ ಜೋಡಿಸಬಾರದು. ಅನೇಕ ಇನ್ವರ್ಟರ್‌ಗಳಲ್ಲಿ ಎರಡೂ ತಂತಿಗಳಲ್ಲಿ ವಿದ್ಯುತ್ ಇರುವುದರಿಂದ ಇನ್ವರ್ಟರ್ ಸುಟ್ಟುಹೋಗುವುದಲ್ಲದೆ, ಒದ್ದೆ ಡೆಕ್ಕಿನ ಮೇಲೆ ನಿಂತವರಿಗೆ ಪ್ರಾಣಾಪಾಯವಾದೀತು. ಈ ಕೆಲಸವನ್ನು ಅನುಭವಿ ಎಲೆಕ್ಟ್ರಿಷಿಯನ್‌ರಿಂದಲೇ ಮಾಡಿಸತಕ್ಕದ್ದು.

ತಂತಿಗಳ ಬದಲಾವಣೆಗೆ ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧದ 61 ದಿನಗಳು ಸೂಕ್ತ ಕಾಲ. ಋತು ಆರಂಭವಾಗಿ ಬಂದರು ಬಿಡುವ ಮುನ್ನ, ಇನ್ವರ್ಟರ್ ಹಾಗೂ ಅದರ ಎಲ್ಲ ಉಪಕರಣಗಳನ್ನೂ ಹಚ್ಚಿಟ್ಟು, ಸಾಕಷ್ಟು ದೂರದಲ್ಲಿರುವ ಇನ್ನೊಂದು ಬೋಟಿನೊಡನೆ 16ನೇ ಚಾನೆಲ್ ಬಿಟ್ಟು ಬೇರೆ ಚಾನೆಲ್‌ನಲ್ಲಿ ಮಾತನಾಡಿ ನೋಡುವುದು. ಸಮುದ್ರದಲ್ಲಿ ಗದ್ದಲ ಕಾಣಿಸಿಕೊಂಡರೆ ಇನ್ವರ್ಟರ್ ಆರಿಸಿ, ಸ್ಕ್ವೆಲ್ಚ್ ಇಳಿಸಿ, 16ನೇ ಚಾನೆಲ್ ಆಲಿಸುವುದು. ಮೊಬೈಲ್ ಸಂಪರ್ಕವಿರುವ ಪ್ರದೇಶದಲ್ಲಿ ತುರ್ತು ಸಂದರ್ಭ ಒದಗಿದರೆ ಭಾರತೀಯ ತಟರಕ್ಷಣಾ ಪಡೆಯ ಶುಲ್ಕರಹಿತ ಸಂಖ್ಯೆ 1554ಕ್ಕೆ ಕರೆ ಮಾಡಬಹುದಾಗಿದೆ.