ಸಹಿಗೆ ಮುಂಚೆ ಬೀಗದ ಕೈ ಕೇಳಿ

ಮುಳ್ಳೂರಿನ ನನ್ನ ತವರುಮನೆಗೆ ಹಿತ್ತಲ ಬಾಗಿಲಿತ್ತು. ಕೊಳ್ಳೇಗಾಲದ ಬಾಡಿಗೆ ಮನೆಗೆ ಇದ್ದದ್ದು ಒಂದೇ ಬಾಗಿಲು. ತಾರಸಿಗೆ ಓನರ್ ಬೀಗ. ಬೆಂಕಿ ಬಿದ್ದರೆ ಹೋಗೋದೆಲ್ಲಿಗೆ? ಕೀ ಕೇಳಿದ್ದಕ್ಕೆ, ‘ಅಗ್ರಿಮೆಂಟಲ್ಲಿ ಎಲ್ಲಿದೆಯಮ್ಮಾ?’ ಅಂದರು.

2010ರ ಫೆಬ್ರುವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್ ಕಟ್ಟಡದ ಬೆಂಕಿಗೆ 9 ಜನ ಬಲಿಯಾದರು. ಅಲ್ಲಿ ಹೊರಹೋಗುವ ಬಾಗಿಲುಗಳಿಗೆ ಬೀಗವಿತ್ತು.

ನೀರು, ಅಡ್ವಾನ್ಸ್ ವಿಚಾರಿಸುವಾಗಲೇ ಇದನ್ನೂ ಮಾತಾಡಿಬಿಡಿ. ತಾರಸಿಯ ಒಂದು ಕೀ ನಿಮಗೆ, ವೈರಿಂಗ್ ರಿಪೇರಿ ಓನರ್‌ದು ಅಂತ 11 ತಿಂಗಳ ಕರಾರಿನಲ್ಲೇ ಬರೆಸಿ. ಗ್ಯಾಸ್ ಪೈಪನ್ನು 5 ವರ್ಷಕ್ಕೊಮ್ಮೆ ಬದಲಿಸೋದು, ಮೆಟ್ಟಿಲ ಮೇಲೆ ಸಾಮಾನು ಪೇರಿಸದಿರೋದು ನಮ್ಮ ಕೆಲಸ.

ಬೆಂಕಿ ಕಂಡರೆ ಒಡವೆ ಹುಡುಕಬೇಡಿ. ಮಕ್ಕಳೊಂದಿಗೆ ಹೊರಬಂದು 101 ಅಥವಾ 112ಕ್ಕೆ ಫೋನ್ ಮಾಡಿ.