ನಕಲು ತೆಗೆಯುವ ಮುನ್ನ ಡ್ರೈವ್ ಪರೀಕ್ಷಿಸಿರಿ

ಕಡೂರು, ತರೀಕೆರೆ ಮತ್ತು ಅಜ್ಜಂಪುರ ತಾಲ್ಲೂಕುಗಳ ಬೆಳೆಗಾರ ಬಾಂಧವರಲ್ಲಿ ತೋಟದ ಲೆಕ್ಕಪತ್ರಗಳನ್ನು ಕಂಪ್ಯೂಟರಿನಲ್ಲಿ ಇಡುವವರು ಇದ್ದಾರೆ. ಪಹಣಿ ಕಳೆದುಹೋದರೆ ಅಷ್ಟು ಚಿಂತೆಯಿಲ್ಲ. 2000ರ ದಶಕದ ಆರಂಭದಲ್ಲಿ ‘ಭೂಮಿ’ ಯೋಜನೆಯಲ್ಲಿ ಪಹಣಿಗಳು ಗಣಕೀಕೃತವಾದುದರಿಂದ ಮತ್ತೊಂದು ಪ್ರತಿ ದೊರೆಯುತ್ತದೆ. ಆದರೆ ಆಳುಗಳ ಬಟವಾಡೆ, ಕೊಯ್ಲಿನ ತೂಕ, ಗೊಬ್ಬರದ ಖರ್ಚು, ವರ್ಷವರ್ಷದ ಮಳೆಯ ಲೆಕ್ಕ ಇವು ಬೇರಾವ ಕಚೇರಿಯಲ್ಲೂ ಸಿಗುವುದಿಲ್ಲ. ಮುಂಗಾರಿಗೆ ಮೊದಲಿನ ಸಿಡಿಲಿಗೆ ಕಂಪ್ಯೂಟರ್ ಸುಟ್ಟರೆ ಅವೂ ಹೋದಂತೆಯೇ. ಆದ್ದರಿಂದ ಡಿಸ್ಕಿನ ಪೂರ್ಣ ನಕಲನ್ನು ಹೊರಗಿನ ಡ್ರೈವಿನಲ್ಲಿ ಇಡುವುದು ಅವಶ್ಯ.

ಆದರೆ ಆ ಡ್ರೈವೇ ಕೆಟ್ಟಿದ್ದರೆ? ತೂತು ಚೀಲಕ್ಕೆ ಅಡಿಕೆ ತುಂಬಿದಂತಾಗುತ್ತದೆ. ಬರೆಯುವ ಹೊತ್ತಿನಲ್ಲಿ ಕರೆಂಟು ಹೋದರೆ, ಅಥವಾ ‘ಇಜೆಕ್ಟ್’ ಮಾಡದೆ ವಯರು ಕಿತ್ತರೆ, ಯಾವ ಕಡತ ಎಲ್ಲಿದೆ ಎಂಬ ಒಳಸೂಚಿ ಕೆಡಬಹುದು. ಮೇಲ್ನೋಟಕ್ಕೆ ಏನೂ ಕಾಣದು. ನಕಲು ಬೇಕಾದ ದಿನವೇ ತಿಳಿಯುತ್ತದೆ. ಆದುದರಿಂದ ಮೊದಲು ಹೀಗೆ ಮಾಡಿರಿ:

1. ಡ್ರೈವಿನಲ್ಲಿ ಬೇರೆಲ್ಲೂ ಇಲ್ಲದ ಕಡತಗಳಿದ್ದರೆ ಮೊದಲು ಅವನ್ನು ಬೇರೆಡೆಗೆ ತೆಗೆದಿಡಿ. ದುರಸ್ತಿಯಲ್ಲಿ ಅವು ನಷ್ಟವಾಗಬಹುದು.

2. ವಿಂಡೋಸ್ ಕಂಪ್ಯೂಟರಿನಲ್ಲಿ ಡ್ರೈವಿನ ಚಿಹ್ನೆಯ ಮೇಲೆ ಮೌಸಿನ ಬಲಗುಂಡಿ ಒತ್ತಿ, ‘ಪ್ರಾಪರ್ಟೀಸ್’, ‘ಟೂಲ್ಸ್’, ‘ಚೆಕ್’ ಎಂದು ಕ್ರಮವಾಗಿ ಆರಿಸಿ. ದೋಷ ತೋರಿದರೆ ಅಲ್ಲಿಯೇ ದುರಸ್ತಿಗೆ ಒಪ್ಪಿಗೆ ಕೊಡಿ. ಮ್ಯಾಕ್ ಉಳ್ಳವರು ‘ಡಿಸ್ಕ್ ಯುಟಿಲಿಟಿ’ಯ ‘ಫಸ್ಟ್ ಏಡ್’ ಬಳಸಬೇಕು.

3. ದುರಸ್ತಿ ನಡೆಯುವಾಗ ವಯರು ಕೀಳಬಾರದು. ದೊಡ್ಡ ಡ್ರೈವಿಗೆ ಹೆಚ್ಚು ಹೊತ್ತು ಹಿಡಿಯಬಹುದು. ಕರೆಂಟಿನ ನೆಚ್ಚಿಕೆಯಿಲ್ಲದ ಊರುಗಳಲ್ಲಿ ಯು.ಪಿ.ಎಸ್. ಇರಲಿ, ಲ್ಯಾಪ್‌ಟಾಪ್ ಆದರೆ ಬ್ಯಾಟರಿ ತುಂಬಿರಲಿ.

4. ಮುಗಿದ ಮೇಲೆ ಮತ್ತೊಮ್ಮೆ ಪರೀಕ್ಷಿಸಿ. ದೋಷವಿಲ್ಲವೆಂದು ಬಂದ ನಂತರವೇ ನಕಲು ಆರಂಭಿಸಿ.

ಒಂದು ಮಾತು ನೆನಪಿರಲಿ. ಈ ದುರಸ್ತಿ ಸರಿಪಡಿಸುವುದು ಒಳಸೂಚಿಯನ್ನು ಮಾತ್ರ, ಯಂತ್ರವನ್ನಲ್ಲ. ತಿರುಗುವ ತಟ್ಟೆಯ ಡ್ರೈವ್ ‘ಟಕ್ ಟಕ್’ ಎಂದು ಸದ್ದು ಮಾಡಿದರೆ, ಅಥವಾ ದುರಸ್ತಿಯಾದ ಮೇಲೂ ದೋಷ ಮರುಕಳಿಸಿದರೆ, ಅದನ್ನು ನಂಬಬೇಡಿ. ಹೊಸದನ್ನು ಕೊಳ್ಳುವ ಖರ್ಚು ಹತ್ತು ವರ್ಷದ ಲೆಕ್ಕ ಕಳೆದುಕೊಳ್ಳುವ ನಷ್ಟಕ್ಕಿಂತ ಬಹು ಕಡಿಮೆ. ಸದ್ದು ಮಾಡುವ ಡ್ರೈವಿನಲ್ಲಿಯೇ ಬೆಲೆಯುಳ್ಳ ಕಡತಗಳು ಸಿಕ್ಕಿಕೊಂಡಿದ್ದರೆ ದುರಸ್ತಿಗೆ ಕೈಹಾಕದೆ ಕೂಡಲೇ ಬಿಚ್ಚಿಟ್ಟು, ತಿಳಿದವರಿಗೆ ತೋರಿಸಿರಿ.

ನಕಲು ಮುಗಿದ ಬಳಿಕ ನಾಲ್ಕಾರು ಕಡತಗಳನ್ನು ಅದರಿಂದಲೇ ತೆರೆದು ನೋಡಿ. ಆಮೇಲೆ ಡ್ರೈವನ್ನು ಕಂಪ್ಯೂಟರಿಗೆ ಸಿಕ್ಕಿಸಿಯೇ ಬಿಡಬೇಡಿ. ಒಂದೇ ಸಿಡಿಲಿಗೆ ಎರಡೂ ಸುಟ್ಟಾವು. ಮಳೆಗಾಲದ ತೇವ ತಾಗದಂತೆ ಸಿಲಿಕಾ ಜೆಲ್ ಹಾಕಿದ ಬಿಗಿಮುಚ್ಚಳದ ಡಬ್ಬಿಯಲ್ಲಿ, ಸಾಧ್ಯವಾದರೆ ಬೇರೆ ಮನೆಯಲ್ಲಿ ಇಡಿ. ಪ್ರತಿ ವರ್ಷ ಮುಂಗಾರಿಗೆ ಮುನ್ನ ಮತ್ತು ಕೊಯ್ಲಿನ ಲೆಕ್ಕ ಮುಗಿದ ಮೇಲೆ ಈ ಕೆಲಸವನ್ನು ತಪ್ಪದೆ ಮಾಡತಕ್ಕದ್ದು.