ಯಲಹಂಕ: ಮೂಲನಗರವೋ ಶಾಖಾನಗರವೋ?

ಅಮರಸಿಂಹನು ತನ್ನ ನಿಘಂಟಿನ ಪುರವರ್ಗದಲ್ಲಿ, ಮೂಲನಗರಕ್ಕಿಂತ ಬೇರೆಯಾದ ಪುರಕ್ಕೆ 'ಶಾಖಾನಗರ'ವೆಂಬ ಹೆಸರನ್ನು ಹೇಳಿರುವನು. ನಾವು ಈಗ 'ಉಪನಗರ'ವೆಂದು ವ್ಯವಹರಿಸುವುದು ಬಹುಮಟ್ಟಿಗೆ ಇದನ್ನೇ. ಬೇರು ಮೊದಲು, ಕೊಂಬೆ ಅನಂತರವೆಂಬುದು ಲೋಕಸಿದ್ಧವಾದ ಕ್ರಮ. ಬೆಂಗಳೂರಿನ ಉತ್ತರಕ್ಕಿರುವ ಯಲಹಂಕದ ವಿಷಯದಲ್ಲಿ ಮಾತ್ರ ಈ ಕ್ರಮವು ವಿಪರೀತವಾಗಿ ಕಾಣುತ್ತದೆ. ಅದು ಹೇಗೆಂಬುದನ್ನು ಸಂಕ್ಷೇಪವಾಗಿ ನಿರೂಪಿಸುವುದೇ ಈ ಲೇಖನದ ಉದ್ದೇಶ.

ಚೋಳರ ಕಾಲದ ತಮಿಳು ಶಾಸನಗಳಲ್ಲಿ ಈ ಪ್ರದೇಶವು ರಾಜೇಂದ್ರಚೋಳ ವಳನಾಡಿಗೆ ಸೇರಿದ 'ಇಲೈಪ್ಪಾಕ್ಕನಾಡು' ಎಂದು ಉಕ್ತವಾಗಿದೆ. ಪಾಲು ಹಾಲಾದಂತೆ, ಪೂ ಹೂವಾದಂತೆ, ಕನ್ನಡದಲ್ಲಿ ಪಕಾರವು ಹಕಾರವಾಗುವುದು ವಾಚಕರಿಗೆ ವಿದಿತವೇ ಆಗಿದೆ. ಅದೇ ರೀತಿಯಿಂದ 'ಎಲಹಕ್ಕ' ಎಂಬ ರೂಪವೂ, ಅನುನಾಸಿಕವು ಸೇರಿ 'ಯಲಹಂಕ'ವೂ ಸಿದ್ಧಿಸಿರಬೇಕೆಂದು ತೋರುತ್ತದೆ. ಇಲ್ಲಿ ಗಮನಿಸಬೇಕಾದ ಪದವು 'ನಾಡು'. ಅದು ಬರಿಯ ಭೂಭಾಗವಲ್ಲ. ಗಾವುಂಡರು ಕೂಡಿ ವ್ಯವಹಾರಗಳನ್ನು ನಡೆಯಿಸುತ್ತಿದ್ದ ಆಡಳಿತದ ಘಟಕ.

ಆವತಿಗೆ ಬಂದು ನೆಲಸಿದ ರಣಭೈರೇಗೌಡನ ವಂಶದಲ್ಲಿ ಜಯಗೌಡನು ವಿಜಯನಗರದ ಅರಸರ ಸಾರ್ವಭೌಮತ್ವವನ್ನು ಒಪ್ಪಿ ಯಲಹಂಕದಲ್ಲಿ ನಿಂತನು. ಅಲ್ಲಿಂದ ಈ ಮನೆತನದವರಿಗೆ 'ಯಲಹಂಕ ನಾಡಪ್ರಭು'ಗಳೆಂಬ ಹೆಸರು ಬಂದಿತು. ಈ ವಂಶದ ಹಿರಿಯ ಕೆಂಪೇಗೌಡನು ೧೫೩೭ರಲ್ಲಿ ಬೆಂಗಳೂರಿನ ಕೋಟೆಪೇಟೆಗಳನ್ನು ಕಟ್ಟಿಸಿದನು. ಬೆಂಗಳೂರೆಂಬ ಹೆಸರು ಬೇಗೂರಿನ ಒಂಬತ್ತನೆಯ ಶತಮಾನದ ಶಾಸನದಲ್ಲಿಯೇ ದೊರೆಯುವುದು ನಿಜ. ಆದರೆ ಪೇಟೆಯಾಗಿ ಅದು ಬೆಳೆದುದು ಯಲಹಂಕದ ಪ್ರಭುಗಳ ಕೈಯಲ್ಲಿ. ೧೬೩೮ರಲ್ಲಿ ಬಿಜಾಪುರದ ಸೇನೆಯು ಬೆಂಗಳೂರನ್ನು ಹಿಡಿಯಲಾಗಿ ಪ್ರಭುಗಳು ಮಾಗಡಿಗೆ ಸರಿದರು. ಕಾಲಾಂತರದಲ್ಲಿ ಯಲಹಂಕವು ಬೆಂಗಳೂರು ಉತ್ತರ ತಾಲೂಕಿನ ಒಂದು ಹೋಬಳಿಯ ಕೇಂದ್ರವಾಗಿ ಉಳಿಯಿತು.

ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ವಾಯುಪಡೆಯ ನೆಲೆಯೂ, ೧೯೮೪ರಲ್ಲಿ ರೈಲ್ವೆಯ ಗಾಲಿ ಮತ್ತು ಅಚ್ಚುಗಳ ಕಾರ್ಖಾನೆಯೂ ಇಲ್ಲಿ ಸ್ಥಾಪಿತವಾದುವು; ಹಳೆಯ ಊರಿನ ಪಕ್ಕದಲ್ಲಿ ಹೊಸ ಬಡಾವಣೆಯೂ ಎದ್ದಿತು. ಜನಸಂಖ್ಯೆಯು ಹೆಚ್ಚಲು ಯಲಹಂಕವು ೧೯೬೪ರ ಪುರಸಭೆಗಳ ಅಧಿನಿಯಮದ ಮೇರೆಗೆ ನಗರಸಭೆಯನ್ನು ಪಡೆಯಿತು. ಆಗ ದೀಪ, ಚರಂಡಿ, ಬೀದಿಗಳ ವಿಷಯವಾಗಿ ಪ್ರಶ್ನಿಸಬೇಕಾದ ಸದಸ್ಯನು ಊರಿನವನೇ, ಸಭೆಯೂ ಊರಿನಲ್ಲಿಯೇ.

೨೦೦೭ರ ಜನವರಿಯಲ್ಲಿ ಏಳು ನಗರಸಭೆಗಳನ್ನೂ, ಕೆಂಗೇರಿಯ ಪುರಸಭೆಯನ್ನೂ, ೧೧೦ ಗ್ರಾಮಗಳನ್ನೂ ಸೇರಿಸಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯನ್ನು ರಚಿಸಿದರು. ಆ ಏಳರಲ್ಲಿ ಯಲಹಂಕವೂ ಒಂದು. ಅದಕ್ಕೆ ಕಾರಣವಿಲ್ಲದಿರಲಿಲ್ಲ, ನೀರಿನ ಕೊಳವೆಗಳೂ ರಾಜಕಾಲುವೆಗಳೂ ರಸ್ತೆಗಳೂ ಊರುಗಳ ಎಲ್ಲೆಯನ್ನು ಅರಿಯವಷ್ಟೆ. ಆದರೆ ಹೊಸ ಪಾಲಿಕೆಗೆ ಚುನಾವಣೆ ನಡೆದುದು ೨೦೧೦ರ ಮಾರ್ಚಿಯಲ್ಲಿ. ನಡುವಣ ಮೂರು ವರ್ಷಗಳಿಗೂ ಹೆಚ್ಚು ಕಾಲ ಯಲಹಂಕದವರಿಗೆ ತಮ್ಮದೇ ನಗರಸಭೆಯೂ ಇಲ್ಲ, ಪಾಲಿಕೆಯಲ್ಲಿ ಸದಸ್ಯನೂ ಇಲ್ಲ. ಆ ಚುನಾವಣೆಯ ೧೯೮ ವಾರ್ಡುಗಳಲ್ಲಿ ಮೊದಲನೆಯದಕ್ಕೆ ಕೆಂಪೇಗೌಡನ ಹೆಸರನ್ನೂ ನಾಲ್ಕನೆಯದಕ್ಕೆ 'ಯಲಹಂಕ ಉಪನಗರ'ವೆಂಬ ಹೆಸರನ್ನೂ ಇಟ್ಟರು. ಮೂಲಪುರುಷನ ಸ್ಮರಣೆಯೂ ಶಾಖೆಯೆಂಬ ಮುದ್ರೆಯೂ ಒಂದೇ ಪಟ್ಟಿಯಲ್ಲಿ ಬಂದುವು!

ಸಂವಿಧಾನದ ೭೪ನೆಯ ತಿದ್ದುಪಡಿಯು ೧೯೯೩ರ ಜೂನ್ ೧ರಿಂದ ಜಾರಿಗೆ ಬಂದಿತು. ಅದರಿಂದ ಸೇರಿದ ೨೪೩-ಯು ವಿಧಿಯು ನಗರಸಂಸ್ಥೆಯ ಅವಧಿಯನ್ನು ಐದು ವರ್ಷಗಳೆಂದು ನಿಯಮಿಸಿ, ಅದು ತೀರುವ ಮುನ್ನವೇ ಚುನಾವಣೆಯು ಮುಗಿಯಬೇಕೆಂದು ವಿಧಿಸುತ್ತದೆ. ಹೀಗಿದ್ದರೂ ೨೦೨೦ರ ಸೆಪ್ಟೆಂಬರಿನಲ್ಲಿ ಪಾಲಿಕೆಯ ಅವಧಿಯು ತೀರಿದ ಮೇಲೆ ಆಡಳಿತವು ಅಧಿಕಾರಿಗಳ ಕೈಸೇರಿತು. ೨೦೨೫ರ ಸೆಪ್ಟೆಂಬರಿನಲ್ಲಿ ಆ ಪಾಲಿಕೆಯನ್ನು ಐದಾಗಿ ವಿಂಗಡಿಸುವವರೆಗೂ ಅದಕ್ಕೆ ಮತ್ತೆ ಚುನಾವಣೆ ನಡೆಯಲಿಲ್ಲ. ಈ ವಿಭಾಗದಲ್ಲಿ ಯಲಹಂಕವು ಉತ್ತರ ನಗರಪಾಲಿಕೆಗೆ ಸೇರಿತು.

ಇದರಿಂದ ಫಲಿತವಾಗುವುದೇನು? ಎಲ್ಲೆಯನ್ನು ಹಿಗ್ಗಿಸುವುದೂ ಕುಗ್ಗಿಸುವುದೂ ರಾಜ್ಯಾಡಳಿತದ ಅನುಕೂಲಕ್ಕೆ ಬಿಟ್ಟ ವಿಷಯ. ಯಲಹಂಕವು ಬೇರೋ ಕೊಂಬೆಯೋ ಎಂಬ ವಾದವೂ ಪಂಡಿತರಿಗೇ ಇರಲಿ. ಊರಿನವರು ತಾವೇ ಆರಿಸಿದವನನ್ನು ತಮ್ಮ ಊರಿನ ವಿಷಯವಾಗಿ ಪ್ರಶ್ನಿಸಬಲ್ಲರೋ ಇಲ್ಲವೋ ಎಂಬುದೊಂದೇ ಸ್ಥಳೀಯ ಸ್ವಯಮಾಡಳಿತಕ್ಕೆ ಒರೆಗಲ್ಲು. 'ನಾಡು' ಎಂಬ ಪ್ರಾಚೀನ ಶಬ್ದದ ಅರ್ಥವು ಉಳಿಯುವುದೂ ಅಳಿಯುವುದೂ ಅಲ್ಲಿಯೇ.